ಪಾರ್ಲರ್‌ನೊಳಗೆ ಒಂದು ಕೋಣೆ: ಬಾಡಿಗೆ ಲೆಕ್ಕ ಹಾಕಿ ಕರಾರಿಗೆ ಬಂದ ಬಗೆ

ಮೈಸೂರಿನ ಕುವೆಂಪುನಗರದ ಒಂದು ಬ್ಯೂಟಿ ಪಾರ್ಲರ್‌ನೊಳಗೆ ಎಂಟಕ್ಕೆ ಹತ್ತು ಅಡಿಯ ಕೋಣೆಯೊಂದನ್ನು ಈ ಯುಗಾದಿಯ ಬಳಿಕ ಬಾಡಿಗೆಗೆ ಹಿಡಿದು, ಫೇಷಿಯಲ್ ಮತ್ತು ಮದುಮಗಳ ಅಲಂಕಾರದ ಕೆಲಸವನ್ನು ನನ್ನದೇ ಹೆಸರಿನಲ್ಲಿ ಆರಂಭಿಸಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಶುರುವಾದ ಮಾತುಕತೆ, ಕರಾರಿಗೆ ಸಹಿ ಬೀಳುವ ಹೊತ್ತಿಗೆ ಯುಗಾದಿಯನ್ನು ದಾಟಿತ್ತು. ಇಡೀ ಅಂಗಡಿಯನ್ನು ಬಾಡಿಗೆಗೆ ಪಡೆಯುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಇನ್ನೊಬ್ಬರ ಅಂಗಡಿಯ ಒಂದು ಕೋಣೆಗೆ ನ್ಯಾಯವಾದ ಬಾಡಿಗೆ ಎಷ್ಟು ಎಂದು ಕೇಳಿದರೆ ಮಾತ್ರ ಎಲ್ಲರೂ "ನೀವು ನೀವೇ ಹೊಂದಾಣಿಕೆ ಮಾಡಿಕೊಳ್ಳಿ" ಎಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಹೊಂದಾಣಿಕೆ ಹೇಗೆ ನಡೆಯಿತು, ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನು ಅಂಕಿಗಳ ಸಮೇತ ಬರೆಯುತ್ತಿದ್ದೇನೆ.

ಹಲವು ವರ್ಷ ನಾನು ಬೇರೊಂದು ಕಡೆ ಸಂಬಳಕ್ಕೆ ಕೆಲಸ ಮಾಡಿದವಳು. ನನ್ನನ್ನೇ ಕೇಳಿಕೊಂಡು ಬರುವ ಗ್ರಾಹಕರು ಒಂದಷ್ಟು ಮಂದಿ ಆದ ಮೇಲೆ ಸ್ವಂತ ಅಂಗಡಿಯ ಯೋಚನೆ ಬಂತು. ಆದರೆ ಮುಖ್ಯರಸ್ತೆಯ ಅಂಗಡಿಗೆ ಹತ್ತು ತಿಂಗಳ ಅಡ್ವಾನ್ಸ್, ಒಳಾಲಂಕಾರ, ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ, ಒಬ್ಬ ಸಹಾಯಕಿಯ ಸಂಬಳ ಎಲ್ಲವನ್ನೂ ಕೂಡಿಸಿದಾಗ ಸಾಲವಿಲ್ಲದೆ ಆಗುವ ಮಾತಲ್ಲ ಎಂದು ಸ್ಪಷ್ಟವಾಯಿತು. ಮನೆಮನೆಗೆ ಹೋಗಿ ಕೆಲಸ ಮಾಡುವುದರಲ್ಲಿ ಅರ್ಧ ದಿನ ಸ್ಕೂಟರಿನ ಮೇಲೆಯೇ ಕಳೆಯುತ್ತದೆ. ಹಾಗಾಗಿ ಕೂದಲಿನ ಕೆಲಸಕ್ಕೆ ಹೆಸರಾದ, ಫೇಷಿಯಲ್ ಕೋಣೆ ಖಾಲಿ ಬಿದ್ದಿರುವ ಪಾರ್ಲರ್ ಒಂದನ್ನು ಹುಡುಕಿದೆ. ಹುಡುಕುವವರಿಗೆ ಒಂದು ಮಾತು: ನಿಮ್ಮ ಕೆಲಸವೂ ಒಡತಿಯ ಕೆಲಸವೂ ಒಂದೇ ಆಗಿರುವ ಕಡೆ ಹೋಗಬೇಡಿ. ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಬಾಗಿಲು ತೆರೆದು ಒಳಬಂದ ಪ್ರತಿಯೊಬ್ಬ ಗ್ರಾಹಕಿಯೂ ಅಲ್ಲಿ ಜಗಳಕ್ಕೆ ಕಾರಣವಾಗುತ್ತಾಳೆ.

ಪಾರ್ಲರ್‌ನ ಒಡತಿ ನನಗೆ ಪರಿಚಿತರೇ. ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಮೊದಲ ಭೇಟಿಯಲ್ಲಿ ಅವರು ಎರಡು ದಾರಿಗಳನ್ನು ಮುಂದಿಟ್ಟರು. ಒಂದು, ತಿಂಗಳಿಗೆ 18,000 ರೂಪಾಯಿ ಬಾಡಿಗೆ ಮತ್ತು ಹತ್ತು ತಿಂಗಳ ಅಡ್ವಾನ್ಸ್. ಎರಡು, ಬಾಡಿಗೆಯೇ ಬೇಡ, ನನ್ನ ವಸೂಲಿಯಲ್ಲಿ ನೂರಕ್ಕೆ ನಲವತ್ತು ಅವರಿಗೆ. ಎರಡನೆಯದು ಕೇಳಲು ಹಿತವಾಗಿತ್ತು, ಏಕೆಂದರೆ ಕೆಲಸವಿಲ್ಲದ ತಿಂಗಳು ಕೊಡುವುದೂ ಇಲ್ಲ. ಮನೆಗೆ ಬಂದು ಒಂದೇ ಒಂದು ಫೇಷಿಯಲ್‌ನ ಲೆಕ್ಕ ಬರೆದು ನೋಡಿದೆ. 1,200 ರೂಪಾಯಿಯ ಫೇಷಿಯಲ್‌ನಲ್ಲಿ ಅಕ್ಕನಿಗೆ 480, ಕ್ರೀಮು, ಮಾಸ್ಕ್, ಬಳಸಿ ಎಸೆಯುವ ಬಟ್ಟೆ, ಹತ್ತಿ ಇತ್ಯಾದಿಗಳಿಗೆ ನನ್ನ ಕೈಯಿಂದ ಸುಮಾರು 250, ಉಳಿಯುವುದು 470. ಸಾಮಗ್ರಿಯ ಖರ್ಚನ್ನು ಕಳೆಯದೆ ಒಟ್ಟು ವಸೂಲಿಯ ಮೇಲೆ ಪಾಲು ಕೊಡುವುದೆಂದರೆ, ನಾವು ಕೊಂಡು ತಂದ ಕ್ರೀಮಿನ ಬೆಲೆಯಲ್ಲಿಯೂ ಪಾಲು ಕೊಟ್ಟಂತೆ. ತಿಂಗಳಿಗೆ 60,000 ವಸೂಲಾದರೆ 24,000 ಹೋಗುತ್ತದೆ. ಕೈಯಲ್ಲಿ ಗ್ರಾಹಕರೇ ಇಲ್ಲದೆ ಆರಂಭಿಸುವವರಿಗೆ ಪಾಲಿನ ಲೆಕ್ಕ ಒಳ್ಳೆಯದಿರಬಹುದು. ಗ್ರಾಹಕರನ್ನು ಜೊತೆಯಲ್ಲೇ ಕರೆತರುವವರಿಗೆ ಅಲ್ಲ.

ಹಾಗಾದರೆ 18,000 ಸರಿಯೇ? ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲಿನ ಪರಿಚಿತರನ್ನು ವಿಚಾರಿಸಿದೆ. ಒಬ್ಬರು ಕನ್ನಡಿಯ ಮುಂದಿನ ಒಂದು ಕುರ್ಚಿಗೆ 8,000 ಕೊಡುತ್ತಿದ್ದರು, ಆದರೆ ವಾರಕ್ಕೆ ನಾಲ್ಕು ದಿನ ಮಾತ್ರ. ಇನ್ನೊಬ್ಬರದು ಅರ್ಧಕ್ಕರ್ಧ ಪಾಲು, ಆದರೆ ಸಾಮಗ್ರಿಯೆಲ್ಲ ಅಂಗಡಿಯದು. ಮತ್ತೊಬ್ಬರ ಬಾಡಿಗೆಯಲ್ಲಿ ಕರೆಂಟು, ಟವೆಲ್ ಒಗೆತ ಎರಡೂ ಸೇರಿದ್ದವು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲು ಆಗದ ಅಂಕಿಗಳಿವು. ಅವುಗಳನ್ನು ಹಿಡಿದುಕೊಂಡು ಚೌಕಾಸಿಗೆ ಹೋದರೆ ನಮ್ಮ ಹತ್ತಿರ ಒಂದು ಉದಾಹರಣೆ, ಎದುರಿನವರ ಹತ್ತಿರ ಇನ್ನೊಂದು. ಆದ್ದರಿಂದ ಅಕ್ಕನ ಖರ್ಚಿನಿಂದಲೇ ಲೆಕ್ಕ ಹೊರಡಬೇಕು ಎಂದು ತೀರ್ಮಾನಿಸಿದೆ.

ಇದನ್ನು ಬಾಯಿಬಿಟ್ಟು ಕೇಳುವುದು ಬಹಳ ಮುಜುಗರದ ಕೆಲಸ. "ನಿನ್ನ ಬಾಡಿಗೆ ಕೇಳಿದರೆ ನನ್ನ ಬಾಡಿಗೆ ಕೇಳುತ್ತೀಯಲ್ಲ" ಎಂದು ಅಕ್ಕ ಮುಖ ಸಣ್ಣದು ಮಾಡಿಕೊಂಡರು. ನಂತರದ ಕೆಲವು ದಿನ ಫೋನಿಗೂ ಉತ್ತರ ಬರಲಿಲ್ಲ, ಮಾತು ಮುರಿದೇ ಹೋಯಿತೆಂದು ನಾನು ಬೇರೆ ಕಡೆ ವಿಚಾರಿಸತೊಡಗಿದ್ದೆ. ಕೊನೆಗೆ ಅವರೇ ಕರೆದರು. ನಷ್ಟವಾಗುವಷ್ಟು ಕಡಿಮೆಗೆ ನಾನು ಕೇಳುವುದಿಲ್ಲ, ಖರ್ಚಿನಲ್ಲಿ ನನ್ನ ಪಾಲನ್ನು ಪೂರ್ತಿ ಕೊಡುತ್ತೇನೆ, ಆ ಪಾಲು ಎಷ್ಟೆಂದು ಇಬ್ಬರೂ ಕೂತು ಬರೆಯೋಣ ಎಂದಾಗ ಒಪ್ಪಿದರು. ಕೇಳುವವರು ಈ ವಾಕ್ಯವನ್ನು ಮೊದಲ ಭೇಟಿಯಲ್ಲೇ ಹೇಳುವುದು ಲೇಸು.

ಪಾರ್ಲರ್‌ಗೆ ಗಿರಾಕಿಗಳು ಕಡಿಮೆಯಿರುವ ಒಂದು ಮಂಗಳವಾರ ಟೇಪು ಹಿಡಿದು ಅಳೆದೆವು. ಒಟ್ಟು ಜಾಗ 560 ಚದರ ಅಡಿ. ಅದರಲ್ಲಿ ಕಾಯುವ ಜಾಗ, ಶೌಚಾಲಯ, ಓಡಾಡುವ ದಾರಿ, ಬಟ್ಟೆ ಒಣಗಿಸುವ ಮೂಲೆ ಸೇರಿ 200 ಚದರ ಅಡಿ ಎಲ್ಲರದ್ದು. ಸಂಪಾದನೆ ಆಗುವ ಜಾಗ ಉಳಿದ 360. ನನ್ನ ಕೋಣೆ ಅದರಲ್ಲಿ 80, ಎಂದರೆ ಒಂಬತ್ತರಲ್ಲಿ ಎರಡು ಪಾಲು. ಒಟ್ಟು 560ರ ಮೇಲೆ ಭಾಗಿಸಿದ್ದರೆ ನನ್ನ ಪಾಲು ಏಳರಲ್ಲಿ ಒಂದಾಗುತ್ತಿತ್ತು. ಆದರೆ ನನ್ನ ಗ್ರಾಹಕರೂ ಆ ಸೋಫಾದ ಮೇಲೆಯೇ ಕೂರುತ್ತಾರೆ, ಆ ಶೌಚಾಲಯವನ್ನೇ ಬಳಸುತ್ತಾರೆ. ಅದಕ್ಕೆ ಕೊಡದಿರುವುದು ನ್ಯಾಯವಲ್ಲ. ಇದನ್ನು ನಾನಾಗಿಯೇ ಹೇಳಿದ್ದರಿಂದ ಮುಂದಿನ ಮಾತು ಸಲೀಸಾಯಿತು.

ನಂತರ ತಿಂಗಳ ಖರ್ಚು. ಕಟ್ಟಡದ ಬಾಡಿಗೆ 34,000. ಸಹಾಯಕಿಯ ಸಂಬಳ 12,000. ಇಂಟರ್‌ನೆಟ್, ನೀರು, ಶುಚಿಗೊಳಿಸುವ ಸಾಮಾನು ಸೇರಿ 4,000. ಒಳಾಲಂಕಾರಕ್ಕೆ ಅವರು ಹಾಕಿದ್ದ ಆರು ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 10,000. ಇಲ್ಲಿ ಎಳೆದಾಟವಾದದ್ದು ಸಹಾಯಕಿಯ ಸಂಬಳದ ಬಗ್ಗೆ. ಆಕೆ ದಿನದ ಹೆಚ್ಚು ಹೊತ್ತು ಕೂದಲು ತೊಳೆಯುವುದು, ಬಣ್ಣ ಕಲಸುವುದರಲ್ಲಿ ಇರುತ್ತಾಳೆ. ನನ್ನ ಪಾಲಿಗೆ ಬರುವುದು ಗುಡಿಸಿ ಒರೆಸುವುದು, ಬಾಗಿಲಲ್ಲಿ ಗ್ರಾಹಕರನ್ನು ಕೂರಿಸುವುದು ಮಾತ್ರ. ಮುಂಗಡ ಕಾಯ್ದಿರಿಸುವಿಕೆಯೆಲ್ಲ ನನ್ನ ಫೋನಿಗೇ ಬರುತ್ತದೆ. ಅರ್ಧ ಸಂಬಳವನ್ನಷ್ಟೇ ಹಂಚಿಕೆಗೆ ತೆಗೆದುಕೊಳ್ಳುವುದೆಂದು ಆಯಿತು. ಒಟ್ಟು 54,000, ಅದರ ಒಂಬತ್ತರಲ್ಲಿ ಎರಡು ಪಾಲು 12,000. ಹದಿನೆಂಟರಿಂದ ಹನ್ನೆರಡಕ್ಕೆ ಇಳಿದದ್ದು ಚೌಕಾಸಿಯಿಂದಲ್ಲ ಎಂಬುದು ನನಗೆ ಮುಖ್ಯವಾಗಿತ್ತು, ಏಕೆಂದರೆ ಚೌಕಾಸಿಯಲ್ಲಿ ಸೋತವರು ಮುಂದೊಂದು ದಿನ ಬೇರೆ ರೂಪದಲ್ಲಿ ಅದನ್ನು ವಸೂಲು ಮಾಡುತ್ತಾರೆ.

"ಹಾಗಾದರೆ ನನ್ನ ಹೆಸರಿಗೆ ಬೆಲೆಯಿಲ್ಲವೇ, ಬೋರ್ಡು ನೋಡಿ ಬರುವವರು ನಿನಗೂ ಸಿಗುತ್ತಾರಲ್ಲ?" ಎಂದು ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ. ಇದನ್ನು ಬಾಡಿಗೆಯೊಳಗೆ ಬೆರೆಸದೆ ಪ್ರತ್ಯೇಕವಾಗಿ ಇಡಲು ಕೇಳಿಕೊಂಡೆ. ಅಂಗಡಿಗೆ ತಾವಾಗಿ ಬಂದು ಅಕ್ಕನ ಮೂಲಕ ನನ್ನ ಕೋಣೆಗೆ ಬರುವವರ ಮೊದಲ ಬಿಲ್ಲಿನಲ್ಲಿ ನೂರಕ್ಕೆ ಇಪ್ಪತ್ತು ಅವರಿಗೆ. ನನ್ನ ಗ್ರಾಹಕರು ಅವರಲ್ಲಿ ಕೂದಲಿನ ಕೆಲಸ ಮಾಡಿಸಿಕೊಂಡರೆ ಅದೇ ದರದಲ್ಲಿ ನನಗೆ. ಒಂದು ನೋಟುಬುಕ್ಕಿನಲ್ಲಿ ಇಬ್ಬರೂ ಬರೆಯುತ್ತೇವೆ. ಈವರೆಗೆ ನನಗೆ ಬರಬೇಕಾದದ್ದೇ ತುಸು ಹೆಚ್ಚಿದೆ.

ಇಷ್ಟಾದ ಮೇಲೆ ಎಲ್ಲ ಮುಗಿಯಿತೆಂದುಕೊಂಡಿದ್ದಾಗ ಅಕ್ಕನ ಆಡಿಟರ್ ಜಿಎಸ್‌ಟಿಯ ವಿಷಯ ಎತ್ತಿದರು. ಈ ಭಾಗವನ್ನು ನಿಧಾನವಾಗಿ ಓದಬೇಕು, ಯಾಕೆಂದರೆ ಪಾರ್ಲರ್‌ನಲ್ಲಿ ಕೋಣೆ ಹಿಡಿಯುವ ಬಹಳ ಮಂದಿಗೆ ಇದು ಕೊನೆಯ ಗಳಿಗೆಯಲ್ಲಿ ಎದುರಾಗುತ್ತದೆ. ಸೌಂದರ್ಯ ಸೇವೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಅದರೊಂದಿಗೆ, ಆ ಸೇವೆಗಾಗಿ ಮಾಡಿದ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಗ್ರಾಹಕರಿಂದ ವಸೂಲು ಮಾಡಿದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಅವಕಾಶವೂ ಹೋಗಿದೆ. ಆದರೆ ಕೋಣೆಯನ್ನು ಬಾಡಿಗೆಗೆ ಕೊಡುವುದು ಸೌಂದರ್ಯ ಸೇವೆಯಲ್ಲ. ಅದರ ದರ ಶೇಕಡಾ 18 ಆಗಿಯೇ ಉಳಿದಿದೆ. ಅಕ್ಕ ಜಿಎಸ್‌ಟಿ ನೋಂದಣಿ ಹೊಂದಿದವರಾದ್ದರಿಂದ ನನ್ನ 12,000ದ ಮೇಲೆ 2,160 ಸೇರಿ 14,160 ಆಗುತ್ತದೆ. ನನ್ನ ವಾರ್ಷಿಕ ವಹಿವಾಟು ಇಪ್ಪತ್ತು ಲಕ್ಷದ ಮಿತಿಯೊಳಗೆ ಇರುವುದರಿಂದ ನನಗೆ ನೋಂದಣಿಯಿಲ್ಲ; ಆ 2,160 ನನಗೆ ಹಿಂತಿರುಗಿ ಬರುವ ದಾರಿಯೂ ಇಲ್ಲ.

ಇಲ್ಲಿ ಆಡಿಟರ್ ಇನ್ನೊಂದು ಗಂಟನ್ನೂ ತೋರಿಸಿದರು. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿಯಿಲ್ಲ. ಹಾಗಿದ್ದಾಗ ವಾಣಿಜ್ಯ ಕಟ್ಟಡದ ಬಾಡಿಗೆಯ ಮೇಲಿನ ತೆರಿಗೆಯನ್ನು ನೋಂದಣಿಯಿರುವ ಬಾಡಿಗೆದಾರರೇ ಕಟ್ಟಬೇಕೆಂಬ ನಿಯಮ 2024ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ಅಂದರೆ ಅಕ್ಕ 34,000ದ ಮೇಲೆ 6,120 ತಾವೇ ಕಟ್ಟುತ್ತಿದ್ದಾರೆ. "ನನ್ನ ನಿಜವಾದ ಬಾಡಿಗೆ 40,120, ನಿನ್ನ ಲೆಕ್ಕ ಅದರಿಂದಲೇ ಶುರುವಾಗಬೇಕು" ಎಂದರು ಅಕ್ಕ. ಮಾತಿನಲ್ಲಿ ಹುರುಳಿತ್ತು, ನಾನು ಸುಮ್ಮನಾದೆ. ಆಮೇಲೆ ಆಡಿಟರ್‌ರನ್ನೇ ಕೇಳಿದೆ: ನನ್ನ ಬಾಡಿಗೆಯ ಮೇಲೆ ಅಕ್ಕ ಶೇಕಡಾ 18 ವಸೂಲು ಮಾಡುತ್ತಾರಲ್ಲ, ಆ ಕೋಣೆಯ ಮಟ್ಟಿಗೆ ಅವರು ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳಬಹುದಲ್ಲವೇ? ಅನುಪಾತದ ಪ್ರಕಾರ ಆಗುತ್ತದೆ ಎಂದರು. 6,120ರ ಒಂಬತ್ತರಲ್ಲಿ ಎರಡು ಪಾಲು 1,360. ನನ್ನ ಕೋಣೆಯ ಪಾಲಿನ ತೆರಿಗೆ ಅಕ್ಕನಿಗೆ ಹೀಗೆ ಸರಿದೂಗುವುದರಿಂದ 34,000ದ ಮೇಲಿನ ಲೆಕ್ಕವನ್ನೇ ಉಳಿಸಿಕೊಂಡೆವು. ಉಳಿದದ್ದು ನನ್ನ ಮೇಲೆ ಬೀಳುವ 2,160. ಅದನ್ನು ಇಬ್ಬರೂ ಹಂಚಿಕೊಳ್ಳುವಂತೆ ಮೂಲ ಬಾಡಿಗೆಯನ್ನು 11,000ಕ್ಕೆ ಇಳಿಸಿದೆವು. ತೆರಿಗೆ 1,980 ಸೇರಿ ನಾನು ಕೊಡುವುದು 12,980. ತೆರಿಗೆಯಿಂದ ತಪ್ಪಿಸಿಕೊಳ್ಳಲು ರಸೀದಿಯಿಲ್ಲದೆ ನಗದು ಕೊಡುವ ಸಲಹೆಯೂ ಬಂದಿತ್ತು. ಬಾಡಿಗೆ ಕೊಟ್ಟದ್ದಕ್ಕೆ ಪುರಾವೆಯೇ ಇಲ್ಲದ ಆ ಏರ್ಪಾಡಿನಲ್ಲಿ ಜಗಳವಾದ ದಿನ ಬೀದಿಗೆ ಬೀಳುವವಳು ನಾನು, ಆದ್ದರಿಂದ ಬೇಡವೆಂದೆ.

ಕೇಳಲೇಬೇಕಾದ ಇನ್ನೊಂದು ವಿಷಯ ಸೀಸನ್. ಮದುಮಗಳ ಅಲಂಕಾರವನ್ನು ನಂಬಿದವರ ಆದಾಯ ಪಂಚಾಂಗವನ್ನು ಹಿಡಿದು ನಡೆಯುತ್ತದೆ. ಈ 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿದೆ. ಮೇ 17ರಿಂದ ಜೂನ್ 15ರವರೆಗೆ, ಅಂದರೆ ಎಂದಿನ ವರ್ಷ ಮದುವೆಗಳಿಂದ ಕಿಕ್ಕಿರಿಯುವ ಹೊತ್ತಿನಲ್ಲಿ, ಮದುವೆಗಳೇ ಇಲ್ಲ. ಅದಾಗಿ ಒಂದು ತಿಂಗಳು ಕಳೆಯುವುದರೊಳಗೆ ಆಷಾಢ. ಈ ಎರಡು ಮಾಸಗಳಿಗೆ ಮೂಲ ಬಾಡಿಗೆ 7,500 ಎಂದು ಕೇಳಿದೆ. ಕಟ್ಟಡದ ಮಾಲೀಕರು ತನಗೆ ಆಷಾಢವೆಂದು ಬಿಡುವುದಿಲ್ಲವಲ್ಲ ಎಂದು ಅಕ್ಕ ನಕ್ಕರು. ಪ್ರತಿಯಾಗಿ, ಮುಹೂರ್ತದ ಭಾನುವಾರಗಳಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಅವರ ತಂಡ ನನ್ನ ಕೋಣೆಯನ್ನು ಬಳಸಬಹುದೆಂದು ಹೇಳಿದ ಮೇಲೆ ಒಪ್ಪಿದರು. ಪಿತೃಪಕ್ಷಕ್ಕೂ ರಿಯಾಯಿತಿ ಕೇಳಿದ್ದೆ, ಅದು ಸಿಗಲಿಲ್ಲ.

ಹಣದ ಮಾತಿಗಿಂತ ಹೆಚ್ಚು ಸತಾಯಿಸಿದ್ದು ಕಾಗದ. ಅಕ್ಕನೇ ಬಾಡಿಗೆದಾರರು, ಅವರು ನನಗೆ ಜಾಗ ಕೊಡಬಹುದೇ ಎಂಬುದು ಕಟ್ಟಡದ ಮಾಲೀಕರೊಂದಿಗಿನ ಅವರ ಕರಾರನ್ನು ಅವಲಂಬಿಸಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ ಒಳಬಾಡಿಗೆಗೆ ಅವಕಾಶವುಂಟು. ಆದರೆ ನಮ್ಮ ಕಡೆಯ ಅಚ್ಚಾದ ಕರಾರುಗಳಲ್ಲಿ "ಒಳಬಾಡಿಗೆಗೆ ಕೊಡತಕ್ಕದ್ದಲ್ಲ" ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಅಕ್ಕನದರಲ್ಲಿಯೂ ಇತ್ತು. ಮಾಲೀಕರು ವಿದೇಶದಲ್ಲಿರುವ ಮಗಳ ಮನೆಗೆ ಹೋಗಿದ್ದರು. ವಾಟ್ಸ್‌ಆ್ಯಪ್‌ನಲ್ಲಿ "ಆಗಲಿ" ಎಂದು ಬರೆದರು. ವಕೀಲೆ ಅದನ್ನು ಒಪ್ಪಲಿಲ್ಲ, ಸಹಿ ಮಾಡಿದ ಒಪ್ಪಿಗೆ ಪತ್ರವೇ ಬೇಕೆಂದರು. ಮಾಲೀಕರು ಮರಳುವವರೆಗೆ ಕಾದೆವು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಮಾಘ ಮಾಸದ ಮದುವೆಗಳು ಕೈತಪ್ಪುತ್ತಿದ್ದವು, ಮಂಚ ಮತ್ತು ಸ್ಟೀಮರ್ ಮನೆಯ ಹಜಾರದಲ್ಲಿ ದಾರಿಗೆ ಅಡ್ಡವಾಗಿ ನಿಂತಿದ್ದವು. ಆ ವಾರಗಳ ಕಳವಳವನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಒಳಬಾಡಿಗೆಯ ಸಾಲನ್ನು ಮೊದಲ ದಿನವೇ ನೋಡಿ, ಬಾಡಿಗೆಯ ಮಾತನ್ನು ಆಮೇಲೆ ಆಡಿ.

ಮಾಲೀಕರ ಅಗತ್ಯ ಕರೆಂಟಿನ ವಿಷಯದಲ್ಲಿಯೂ ಇತ್ತು, ಮೀಟರ್ ಅವರ ಹೆಸರಿನಲ್ಲಿ ಇದ್ದುದರಿಂದ. ಡ್ರೈಯರ್, ಗೀಸರ್, ಎಸಿ ಇರುವ ಅಂಗಡಿಗೆ ನನ್ನ ಸ್ಟೀಮರ್, ವ್ಯಾಕ್ಸ್ ಹೀಟರ್, ಸಣ್ಣ ಎಸಿ ಸೇರಿದರೆ ಮಂಜೂರಾದ ಲೋಡ್, ಅಂದರೆ ಆ ಮೀಟರಿಗೆ ಅನುಮತಿಸಿದ ವಿದ್ಯುತ್ ಸಾಮರ್ಥ್ಯ, ಸಾಲದು. ವಿದ್ಯುತ್ ಕಂಪನಿ ಚೆಸ್ಕಾಂನ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದಾಗ, ನಾನು ಬರುವ ಮೊದಲೇ ದಾಖಲಾದ ಬೇಡಿಕೆ ಮಂಜೂರಾತಿಯನ್ನು ಮೀರಿರುವುದು ಕಂಡಿತು. ಹಾಗಾಗಿ ಲೋಡ್ ಹೆಚ್ಚಿಸುವ ಖರ್ಚನ್ನು ಅಕ್ಕನೇ ವಹಿಸಿದರು. ನಿಗದಿತ ಶುಲ್ಕದಲ್ಲಿ ಒಂದು ಕಿಲೋವ್ಯಾಟಿನ ಪಾಲನ್ನು ನಾನು ಕೊಡುತ್ತೇನೆ. ಕೋಣೆಗೆ ಸಬ್‌ಮೀಟರ್ ಹಾಕಿಸಿದ್ದೇನೆ. ಯೂನಿಟ್ ದರ ಚೆಸ್ಕಾಂ ಬಿಲ್ಲಿನಲ್ಲಿ ಎಷ್ಟಿರುತ್ತದೆಯೋ ಅಷ್ಟೇ ಎಂದು ಕರಾರಿನಲ್ಲಿ ಬರೆಸಿದ್ದೇವೆ, ಏಕೆಂದರೆ ಸಬ್‌ಮೀಟರ್ ಇದ್ದರೂ ಮನಬಂದ ದರ ಹಾಕುವುದನ್ನು ಬೇರೆಡೆ ಕಂಡಿದ್ದೆ.

ಕರಾರನ್ನು ವಕೀಲೆ ಹನ್ನೊಂದು ತಿಂಗಳ ಅವಧಿಗೆ ಲೀವ್ ಅಂಡ್ ಲೈಸೆನ್ಸ್ ರೂಪದಲ್ಲಿ ಬರೆದರು. ಒಂದು ವರ್ಷ ಮೀರಿದ ಗುತ್ತಿಗೆಗೆ (ಲೀಸ್) 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ರೂಢಿ ಬಂದದ್ದು ಅಲ್ಲಿಂದ. ಲೈಸೆನ್ಸ್ ಎಂದರೆ ಜಾಗದ ಮೇಲೆ ಹಕ್ಕಲ್ಲ, ಬಳಸಲು ಅನುಮತಿ ಮಾತ್ರ ಎಂದು ಅವರು ಬಿಡಿಸಿ ಹೇಳಿದಾಗ ನನಗೆ ಅಧೈರ್ಯವಾಯಿತು. ಗುತ್ತಿಗೆದಾರರಿಗಿರುವ ರಕ್ಷಣೆ ಇಲ್ಲಿಲ್ಲ. ಆದ್ದರಿಂದ ಬಾಡಿಗೆಗಿಂತ ಹೆಚ್ಚಿನ ಗಮನವನ್ನು ನೋಟಿಸಿನ ಷರತ್ತಿಗೆ ಕೊಟ್ಟೆವು: ಇಬ್ಬರಲ್ಲಿ ಯಾರೇ ಬಿಡಿಸಬೇಕೆಂದರೂ ಅರವತ್ತು ದಿನ ಮೊದಲು ಬರಹದಲ್ಲಿ ತಿಳಿಸಬೇಕು, ನಾನು ಮುಂಗಡ ಪಡೆದ ಮದುವೆಗಳಿದ್ದರೆ ಅವು ಮುಗಿಯುವವರೆಗೆ ಕೋಣೆ ನನ್ನ ಬಳಕೆಯಲ್ಲಿರಬೇಕು, ಅಕ್ಕ ಅಂಗಡಿಯನ್ನೇ ಬಿಟ್ಟರೆ ಅಡ್ವಾನ್ಸ್ ಅದೇ ದಿನ ಹಿಂತಿರುಗಬೇಕು. ಹತ್ತು ತಿಂಗಳ ಅಡ್ವಾನ್ಸ್ ನಾಲ್ಕಕ್ಕೆ ಇಳಿದು 44,000 ಆಯಿತು. ಅಡ್ವಾನ್ಸ್ ಎಂಬುದು ಹಾನಿಗೆ ಮತ್ತು ಬಾಕಿಗೆ ಭದ್ರತೆ; ಮಂಚ, ಎಸಿ, ಟ್ರಾಲಿ ನನ್ನದೇ ಆಗಿರುವಾಗ ಹಾನಿ ಮಾಡಲು ಅಲ್ಲಿ ಗೋಡೆ ಮತ್ತು ನೆಲ ಬಿಟ್ಟರೆ ಏನೂ ಇಲ್ಲ ಎಂಬ ವಾದವನ್ನು ಅಕ್ಕ ಒಪ್ಪಿದರು. ನನ್ನ ಸಾಮಾನುಗಳ ಪಟ್ಟಿ ಮತ್ತು ಫೋಟೊಗಳನ್ನು ಕರಾರಿಗೆ ಲಗತ್ತಿಸಿದ್ದೇವೆ. ನವೀಕರಣದ ವೇಳೆ ಏರಿಕೆ ಶೇಕಡಾ ಐದನ್ನು ಮೀರುವಂತಿಲ್ಲ.

ಹಣ ಸ್ವೀಕರಿಸುವ ಕ್ಯೂಆರ್ ಕೋಡ್ ಬಗ್ಗೆಯೂ ಎಚ್ಚರ ಬೇಕು. ನನ್ನ ಗ್ರಾಹಕರು ಅಕ್ಕನ ಕೋಡಿಗೆ ಕಳುಹಿಸಿದರೆ ಅದು ಅಕ್ಕನ ವಹಿವಾಟಾಗಿ ಲೆಕ್ಕಕ್ಕೆ ಬಂದು ತೆರಿಗೆಗೆ ಒಳಪಡುತ್ತದೆ. ನಾನು ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರದ ಮೇಲೆ ಚಾಲ್ತಿ ಖಾತೆ ತೆರೆದು, ಬೇರೆ ಕೋಡ್ ಇಟ್ಟುಕೊಂಡೆ. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಸಂಪೂರ್ಣ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಕೂತಲ್ಲೇ ಮುಗಿಯುತ್ತದೆ. ಅದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ಎರಡು ಮೂರು ಸಾವಿರ ಕೇಳುತ್ತವೆ, ಅತ್ತ ಹೋಗಬೇಡಿ.

ಅಡ್ವಾನ್ಸ್ ಬಿಟ್ಟು ನನಗೆ ತಗುಲಿದ ಖರ್ಚು: ವಕೀಲೆಯ ಶುಲ್ಕ 3,000, ಇ-ಸ್ಟಾಂಪ್ ಮತ್ತು ನೋಟರಿ ಸೇರಿ 1,500ರ ಒಳಗೆ, ಸಬ್‌ಮೀಟರ್ ಮತ್ತು ವೈರಿಂಗಿಗೆ 1,800. ಆಡಿಟರ್‌ಗೆ ಅಕ್ಕನೇ ಕೊಟ್ಟರು. ಮೊದಲ ತಿಂಗಳ 12,980ನ್ನು ಬ್ಯಾಂಕಿನ ಮೂಲಕ ಕಳುಹಿಸಿದ್ದೇನೆ. ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸಿದ ಬಿಲ್ ಮಾತ್ರ ಇನ್ನೂ ಕೈಗೆ ಬಂದಿಲ್ಲ, ಎರಡನೆಯ ತಿಂಗಳ ಬಾಡಿಗೆಯನ್ನು ಅದು ಬಂದ ಮೇಲೆಯೇ ಕಳುಹಿಸುವುದೆಂದು ಅಕ್ಕನಿಗೆ ತಿಳಿಸಿದ್ದೇನೆ.